ಅಕ್ಕಿಯ ಮೇಲೆ ಬರೆದ ಹೆಸರು

ನಮ್ಮ ಕಡೆ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡ ಅದರ ಮೇಲೆ ಉಂಗುರದಿಂದ ಬರೆಯಬೇಕು. ನನ್ನ ಹೆಂಡತಿ ವಿಯೆಟ್ನಾಮಿನವಳು. ಮಸ್ಕತ್ತಿನ ಹೋಟೆಲೊಂದರ ಅಡುಗೆಮನೆಯಲ್ಲಿ ನನ್ನ ಜೊತೆ ದುಡಿದವಳು. ಬೆಳಗಾವಿಯಲ್ಲಿ ರಿಜಿಸ್ಟರ್ ಮದುವೆ ಮುಗಿಸಿ ಖಾನಾಪುರದ ಮನೆಗೆ ಬಂದ ಸಂಜೆ ಅವ್ವ ತಟ್ಟೆ ತಂದಿಟ್ಟಳು. ನಾನು ಬರೆದೆ. ಇವಳು ಬಗ್ಗಿ, ಅಕ್ಕಿ ಚೆದುರೀತೆಂದು ಉಸಿರು ಹಿಡಿದು ನೋಡಿದಳು.

ಅಂದಿನಿಂದ ಓಣಿಗೆಲ್ಲ ಅವಳು ಆ ಹೆಸರಿನವಳೇ. ಕರೆಯುತ್ತ ಕರೆಯುತ್ತ ಹಳೆಯ ಹೆಸರು ನನ್ನ ಬಾಯಿಂದಲೂ ಜಾರಿತು. ಆ ಹಳೆಯ ಹೆಸರಿನಿಂದ ಕರೆಯಲು ಉಳಿದವರು ಫೋನಿನಲ್ಲಿ ಅವಳ ತಾಯಿ ಒಬ್ಬರೇ. ಜಾಂಬೋಟಿ ಕಡೆಯ ನಮ್ಮ ಗದ್ದೆಯಲ್ಲಿ, ಮಳೆಯ ಮಂಜಿನೊಳಗೆ ಬಗ್ಗಿ ಅವಳು ಸಸಿ ನೆಡುವಾಗ, ಇದು ಯಾವ ದೇಶವೆಂದು ಬದುವಿನ ಮೇಲೆ ನಿಂತ ನನಗೇ ಮರೆಯುತ್ತಿತ್ತು.

ಸರ್ಕಾರ ಮರೆಯಲಿಲ್ಲ. ವೀಸಾ ಮುಂದುವರಿಸಲು ಅರ್ಜಿ ಹಾಕಿದ್ದೆವು. ನಾವೆಲ್ಲ ಗದ್ದೆಗೆ ಹೋದ ದಿನವೇ ಪೊಲೀಸರೊಬ್ಬರು ವಿಚಾರಣೆಗೆ ಬಂದು, ಪಾಸ್‌ಪೋರ್ಟಿನ ಹೆಸರು ಹೇಳಿ ಕೇಳಿದ್ದಾರೆ.

"ಅಂಥಾ ಹೆಸರಿನಾಕಿ ಯಾರೂ ಇಲ್ರಿ," ಎಂದಿದ್ದಾಳೆ ಬಾಜೂಮನೆಯ ಕಾಕು. "ಪರದೇಶದಾಕಿ ಎಲ್ಲಿಂದ ಬರಬೇಕು? ಇಲ್ಲಿರೋರೆಲ್ಲಾ ನಮ್ಮ ಓಣಿ ಸೊಸ್ತ್ಯಾರ."

ಬೆಳಗಾವಿಯ ವೀಸಾ ಕಚೇರಿಯಲ್ಲಿ ಅಧಿಕಾರಿ, ಆಕೆ ಆ ವಿಳಾಸದಲ್ಲಿಲ್ಲವೆಂದು ವರದಿ ಬಂದಿದೆ ಎಂದಾಗ ನನಗೆ ಮೈ ಉರಿಯಿತು.

"ಎದುರಿಗೇ ನಿಂತಾಳಲ್ರೀ," ಎಂದೆ.

"ನಿಂತಾರ, ಖರೇ," ಎಂದರು ಅಧಿಕಾರಿ. "ಇನ್ನೊಮ್ಮೆ ಕಳಸ್ತೀವಿ. ಆಗೂ ಹಿಂಗ ವರದಿ ಬಂದ್ರ ಅವ್ರು ದೇಶಾ ಬಿಡಬೇಕಾಗ್ತದ."

ಊರಿಗೆ ಮರಳುವ ಬಸ್ಸು ಪೀರನವಾಡಿ ದಾಟಿತು. ಆಮೇಲೆ ಅವಳು, "ನಾ ಹೋಗಬೇಕೇನ್ರೀ?" ಎಂದಳು. ನನಗೆ ಹೆದರಿಕೆಯಾಗಿತ್ತು.

ಮನೆಗೆ ಬಂದವನೇ, ಹೆಸರು ಬದಲಿಸಿದ್ದಕ್ಕೇ ಹೀಗಾಯಿತೆಂದು ಸಿಟ್ಟನ್ನೆಲ್ಲ ಅವ್ವನ ಮೇಲೆ ಕಾರಿದೆ. ಅವಳ ಮುಖ ಸಣ್ಣದಾಯಿತು. ಮರುದಿನ ಸೊಸೆ ಹಿತ್ತಲಲ್ಲಿದ್ದಾಗ, "ಖರೇ ಹೆಸರು ತುಂಡು ತುಂಡು ಮಾಡಿ ಹೇಳಪಾ," ಎಂದಳು. ಲಿಂಗಪೂಜೆ ಮುಗಿದ ಮೇಲೂ ಅವಳ ತುಟಿಗಳು ಆಡುತ್ತಿದ್ದವು. ನಲ್ಲಿಯ ಬಳಿ ಕಾಕುಗೆ ಕಲಿಸಿದಳು. ಕಾಕು ಆಚೆಮನೆಯವರಿಗೆ ಕಲಿಸಿದಳು. ಬೆಳಗಿನ ಜಾವ ಕಸ ಗುಡಿಸುವ ಸದ್ದಿನ ನಡುವೆ ಯಾವುದೋ ದೂರದ ಹೆಸರು ಓಣಿಯಲ್ಲಿ ಮೆಲ್ಲಗೆ ಓಡಾಡುತ್ತಿತ್ತು. ಅರೆನಿದ್ದೆಯಲ್ಲಿ ಕೇಳುತ್ತ ಮಲಗಿರುತ್ತಿದ್ದೆ. ನನ್ನ ಹೆಂಡತಿಗೆ ಮಾತ್ರ ಇದನ್ನು ಯಾರೂ ಹೇಳಿರಲಿಲ್ಲ.

ಪೊಲೀಸರು ಮತ್ತೆ ಬಂದಾಗ ಮಳೆ ಹನಿಯುತ್ತಿತ್ತು. ಅವರು ಕಟ್ಟೆಯ ಬಳಿ ನಿಂತು ಬಾಯಿ ತೆರೆದದ್ದೇ ತಡ, ಬಾಗಿಲು ಬಾಗಿಲಿನಿಂದ ಹೆಂಗಸರು ಆ ಹೆಸರನ್ನು ಪೂರ್ತಿಯಾಗಿ, ಸೊಟ್ಟಸೊಟ್ಟಾಗಿ ಕೂಗಿ ಕರೆದರು. ಎಲ್ಲರಿಗಿಂತ ದೊಡ್ಡದು ಅವ್ವನ ದನಿ.

"ಸಾಕ್ರಿ ಯವ್ವಾ, ಇದ್ದಾರಂತ ಬರ್ಕೊಂಡೆ," ಎಂದರು ಅವರು ನಗುತ್ತ.

ನನ್ನ ಹೆಂಡತಿ ಹಿಟ್ಟಿನ ಕೈಯಲ್ಲೇ ಒಳಗಿನಿಂದ ಓಡಿ ಬಂದಳು. ಪೊಲೀಸರ ಕಡೆ ನೋಡಲೇ ಇಲ್ಲ. ಓಣಿಯ ತುದಿಯವರೆಗೆ ಕಣ್ಣಾಡಿಸಿ, ನನ್ನ ತೋಳು ಹಿಡಿದು ಕೇಳಿದಳು:

"ನಮ್ಮವ್ವ ಬಂದಾಳೇನ್ರೀ?"