ಮೋಟಾರ್ ಅಂಗಡಿಯ ಸಂಜೆ ಪ್ರಾರ್ಥನೆ

ಹರಿಯಬ್ಬೆಯ ನಮ್ಮ ತೋಟದ ಮೋಟಾರ್ ಸುಟ್ಟಾಗೆಲ್ಲ ಹಿರಿಯೂರಿನ ವಯಸ್ಸಾದ ಮೆಕ್ಯಾನಿಕ್ ಒಬ್ಬರ ರಿವೈಂಡಿಂಗ್ ಅಂಗಡಿಗೇ ಒಯ್ಯುತ್ತಿದ್ದೆ. ತಂತಿ ಸುತ್ತಿ ಮುಗಿಸಿದ ಮೇಲೆ ಸ್ವಿಚ್ಚನ್ನು ನಮ್ಮ ಕೈಯಲ್ಲೇ ಹಾಕಿಸುತ್ತಿದ್ದರು. "ನಂಬಬ್ಯಾಡ್ರಿ, ನೋಡ್ರಿ" ಎನ್ನುವರು. ಬೌದ್ಧ ದೀಕ್ಷೆ ಪಡೆದವರು. ಬುದ್ಧ ಹೇಳಿದ್ದೂ ಅಷ್ಟೇ ಎಂಬುದು ಅವರ ವಾದ. ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಹೂವಿಲ್ಲ, ಊದುಬತ್ತಿಯಿಲ್ಲ; ಧೂಳನ್ನು ಮಾತ್ರ ದಿನಾ ಒರೆಸುವರು. ಅಂಗಡಿಯ ಹಿಂದೆಯೇ ಮನೆ. ಹೆಂಡತಿ ಚರ್ಚಿಗೆ ಹೋಗುವವರು.

ಒಂದು ಸಂಜೆ ಹೋದಾಗ ಅವರು ಮನೆಯೊಳಗೆ ಶಿಲುಬೆಯ ಮುಂದೆ ಮಂಡಿಯೂರಿದ್ದರು. ಮಂಡಿ ಆಪರೇಷನ್ ಆಗಿದ್ದ ಹೆಂಡತಿ ಪಕ್ಕದ ಕುರ್ಚಿಯಲ್ಲಿ ಕೂತು, ಗಂಡನ ಹೆಗಲ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದರು. ನನ್ನಂತೆಯೇ ಅಂಗಡಿಯಲ್ಲಿ ಕಾಯುತ್ತಿದ್ದ ಅವರ ಗೆಳೆಯರೊಬ್ಬರು ಇವರ ಜೊತೆಗೇ ದೀಕ್ಷೆ ಪಡೆದವರು. ಇವರು ಹೊರಗೆ ಬಂದದ್ದೇ ತಡ, ರೇಗಿದರು.

"ದೀಕ್ಷೆ ತಗಂಡೋನು ಹಿಂಗೆ ದೇವ್ರ ಮುಂದೆ ಮಂಡಿ ಊರಬೋದೇನಪ್ಪ?"

"ಕುರ್ಚಿ ಮ್ಯಾಲೆ ಕುಂತು ಬೇಡ್ಕಂಡ್ರೆ ಅವಳಿಗೆ ಸಮಾಧಾನ ಆಗಲ್ಲ. ಪ್ರಾರ್ಥನೆ ಅವಳ್ದು, ಮಂಡಿ ನಂದು. ಆಮೆನ್ ನಾನು ಹೇಳಲ್ಲ. ನಂಬಬ್ಯಾಡ, ನಾಳೆ ಬಂದು ನೋಡು" ಎಂದು ಇವರು ನನ್ನ ಮೋಟಾರಿನ ಕಡೆ ತಿರುಗಿದರು.

ಗೆಳೆಯರು ಹೊರಟುಹೋದರು. ನನಗೆ ಬೇರೆಯೇ ಅನುಮಾನ. ಮೊದಲೆಲ್ಲ ಆ ತಾಯಿ ತಾವೇ ಮಂಡಿಯೂರಿ ಮಾಡುತ್ತಿದ್ದ ಪ್ರಾರ್ಥನೆ ಮುಗಿಯುವುದರೊಳಗೆ ನಾನು ಹೋಟೆಲಿಗೆ ಹೋಗಿ ತಿಂಡಿ ತಿಂದು ಬರುತ್ತಿದ್ದೆ. ಅಂದು ಬೇಗ ಮುಗಿದಿತ್ತು.

"ಯಾಕಮ್ಮ, ಇಷ್ಟು ಬೇಗ?" ಎಂದು ಒಳಗೆ ಕೂತಿದ್ದ ಅವರನ್ನು ಕೇಳಿದೆ.

"ಇವರ ಮಂಡಿಗೂ ವಯಸ್ಸಾಗೈತಲ್ಲಪ್ಪ" ಎಂದರು. "ಇನ್ನೊಬ್ರ ಮಂಡಿ ಮ್ಯಾಲೆ ಎಷ್ಟಂತ ಬೇಡ್ಕಳಾಣ?"