ಅತ್ತೆ ಎದ್ದುಹೋಗುತ್ತಿದ್ದ ಪ್ರಾರ್ಥನೆ

ನನ್ನ ಸೋದರತ್ತೆಯ ಬಗ್ಗೆ ಇದು ನಾನು ಬರೆಯುತ್ತಿರುವ ನಾಲ್ಕನೆಯ ಸಲ. ಮೊದಲ ಮೂರರಲ್ಲಿ ಅವಳು ಇಗರ್ಜಿಯ ಗೋಡೆಯ ಮೇಲಿನ ಸಂತರ ಚಿತ್ರದಂತಾದಳು, ಹರಿದು ಹಾಕಿದೆ. ನಮ್ಮ ಮನೆಯ ಮಾತು ಕೊಂಕಣಿ. ಕನ್ನಡಕ್ಕೆ ಬರುವಾಗಲೇ ಅವಳು ಒಂದಿಷ್ಟು ಬದಲಾಗಿರುತ್ತಾಳೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕುಲಶೇಖರದಿಂದ ಬಲ್ಮಠದ ಒಂದು ಶಾಲೆಗೆ ನಡೆದುಹೋಗಿ ಅವಳು ಒಂದನೇ ತರಗತಿಗೆ ಪಾಠ ಮಾಡುತ್ತಿದ್ದಳು. ಭಾನುವಾರ ಇಗರ್ಜಿಯಲ್ಲಿ ನಮಗೆ ಧರ್ಮೋಪದೇಶ. ಅವಳ ಒಂದು ಕೈಯ ಎರಡು ಬೆರಳುಗಳು ಮಡಚುತ್ತಿರಲಿಲ್ಲ. ಗಂಡ ಬೇಕೆಂದೇ ಬಾಗಿಲು ಹಾಕಿ ಜಜ್ಜಿದ ಬೆರಳುಗಳು. ಎಡಗೈ ಎಂದು ನನ್ನ ನೆನಪು, ಬಲಗೈ ಎನ್ನುತ್ತಾಳೆ ತಂಗಿ. ಅದಾದ ಮೇಲೆ ಅವಳು ತವರಿಗೆ ಬಂದಳು. ಕೆಲವು ವರ್ಷಗಳಲ್ಲಿ ಆತ ಜ್ವರ ಬಂದು ತೀರಿಕೊಂಡ. ಐವತ್ತರ ದಶಕದ ಕೊನೆ ಇರಬೇಕು.

ದಿನಾ ಸಂಜೆ ಜಪಸರ ಮುಗಿದ ಮೇಲೆ ಅಜ್ಜಿ ಮನೆಯ ಸತ್ತವರನ್ನು ಒಬ್ಬೊಬ್ಬರಾಗಿ ನೆನೆದು, ಅವರ ಆತ್ಮ ಬೇಗ ಸ್ವರ್ಗ ಸೇರಲೆಂದು ಒಬ್ಬೊಬ್ಬರಿಗೂ ಒಂದೊಂದು ಪ್ರಾರ್ಥನೆ ಹೇಳಿಸುತ್ತಿದ್ದಳು. ಅಳಿಯನ ಸರದಿ ಬಂದಾಗ ಅತ್ತೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು, ಗಂಜಿ ನೋಡಲು. ಒಲೆಯಿಂದ ಇಳಿಸಿಟ್ಟ ಗಂಜಿ. ಅವಳು ತಿರುಗಿ ಬರುವಾಗ ಮುಂದಿನವರ ಪ್ರಾರ್ಥನೆ ಶುರುವಾಗಿರುತ್ತಿತ್ತು.

"ಸತ್ತವರ ಮೇಲೆ ಎಂತ ಹಟ ನಿನಗೆ?" ಎಂದು ಅಜ್ಜಿ ಕೇಳಿದಳು.

"ಹಟ ಅಲ್ಲ ಅಮ್ಮ. ಅವರು ಸ್ವರ್ಗಕ್ಕೆ ಹೋಗ್ಲಿ ಅಂತ ನಾನೇ ಬೇಡುದು, ಆಮೇಲೆ ನಾನೂ ಅಲ್ಲಿಗೇ ಹೋಗುದು. ಎದುರು ಸಿಕ್ಕಿದ್ರೆ?"

ತಮಾಷೆ ಎಂದುಕೊಂಡು ನಾವು ನಕ್ಕೆವು. ಅವಳಿಗೆ ತಮಾಷೆಯಾಗಿರಲಿಲ್ಲ. ಆ ಒಂದು ಪ್ರಾರ್ಥನೆ ಬಾಯಿಗೆ ಬಾರದಿದ್ದರೆ ಮಕ್ಕಳಿಗೆ ಧರ್ಮೋಪದೇಶ ಹೇಳುವ ಯೋಗ್ಯತೆ ತನಗಿಲ್ಲ ಎಂದು ಅವಳು ನಂಬಿದ್ದಳು. ಭಾನುವಾರದ ಆ ಪಾಠ ಬಿಟ್ಟುಬಿಡುತ್ತೇನೆ ಎಂದು ಅಜ್ಜಿಗೆ ಹೇಳಿಯೂ ಆಗಿತ್ತು.

ಗಂಡ ತೀರಿಕೊಂಡ ವರ್ಷದ ಪೂಜೆಯ ದಿನ ಪಾದ್ರಿಗಳು ಊಟಕ್ಕೆ ಬಂದರು. ಚಿಕ್ಕ ಪ್ರಾಯದವರು. ಅತ್ತೆ ಅವರ ತಟ್ಟೆಗೆ ‘ಸಣ್ಣ’, ಅಂದರೆ ಹುಳಿ ಬರಿಸಿದ ಅಕ್ಕಿಹಿಟ್ಟಿನ ಇಡ್ಲಿ, ಬಡಿಸುತ್ತ ಕೇಳಿದಳು, "ಫಾದರ್, ಸ್ವರ್ಗದಲ್ಲಿ ಈ ಕೈಯ ಕತೆ ನನಗೆ ನೆನಪಿರ್ತದಾ?"

"ಇಲ್ಲ ಟೀಚರ್. ಅಲ್ಲಿ ದುಃಖ ಎಲ್ಲಿ ಉಂಟು? ಕೆಟ್ಟದ್ದನ್ನೆಲ್ಲ ದೇವರು ಒರೆಸಿಬಿಡ್ತಾರೆ, ಸ್ಲೇಟಿನ ಹಾಗೆ."

"ಸ್ಲೇಟು ದಿನಾ ನಾನು ಒರೆಸಿಸ್ತೇನೆ ಫಾದರ್. ಒರೆಸಿದ ಕೂಡಲೇ ತಪ್ಪು ಸರಿಯಾಗುದಿಲ್ಲ. ನೆನಪೇ ಇಲ್ಲದಿದ್ರೆ ನಾನು ಕ್ಷಮಿಸಿದ್ದು ಎಂತದನ್ನು?"

"ನೆನಪಿದ್ರೆ ಅದು ಸ್ವರ್ಗ ಹೇಗೆ ಆಗ್ತದೆ?"

"ಯೇಸುಸ್ವಾಮಿ ಸತ್ತು ಎದ್ದು ಬಂದ ಮೇಲೂ ಕೈಯಲ್ಲಿ ಮೊಳೆಯ ಗಾಯ ಇತ್ತಲ್ಲ? ಬೆರಳಿಟ್ಟು ನೋಡು ಅಂತ, ನಂಬದ ಶಿಷ್ಯ ತೋಮನಿಗೆ ಹೇಳಿದ್ದಲ್ವಾ? ಅದನ್ನು ಯಾಕೆ ಒರೆಸ್ಲಿಲ್ಲ?"

ಪಾದ್ರಿಗಳ ಕೈ ತಟ್ಟೆಯಲ್ಲೇ ನಿಂತಿತು ಎಂದು ಬರೆಯುವ ಆಸೆಯಾಗುತ್ತದೆ. ನಿಂತಿರಲಿಕ್ಕಿಲ್ಲ, ಕೋಳಿಸಾರು ಚೆನ್ನಾಗಿತ್ತು. ಅವರು ನಕ್ಕು, "ಸೆಮಿನರಿಗೆ ನಿಮ್ಮನ್ನು ಕಳಿಸಬೇಕಿತ್ತು ಮಾರಾಯ್ರೆ" ಎಂದರಂತೆ. ಅದು ತಂಗಿಯ ನೆನಪು. ಆಮೇಲೆ ಅವರು "ನನಗೆ ಗೊತ್ತಿಲ್ಲ" ಎಂದದ್ದು ಮಾತ್ರ ನಮ್ಮಿಬ್ಬರಿಗೂ ಒಂದೇ ರೀತಿ ನೆನಪಿದೆ. ಆ ಕಾಲದಲ್ಲಿ ಪಾದ್ರಿಗಳ ಬಾಯಲ್ಲಿ ಆ ಮಾತು ಕೇಳಿಸುವುದು ಅಪರೂಪ. ಅದನ್ನು ಹೇಳಿಸಿದವಳು ನಮ್ಮ ಅತ್ತೆ, ಕೈಯಲ್ಲಿ ಆ ಸಣ್ಣಗಳ ಪಾತ್ರೆ ಹಿಡಿದುಕೊಂಡು, ದನಿ ಏರಿಸದೆ. ಅಷ್ಟು ಧೈರ್ಯ ಇಂದಿಗೂ ನನಗಿಲ್ಲ.

ಆ ಸಂಜೆ ಅಳಿಯನ ಸರದಿಗೆ ಬಂದಾಗ, ಮಗಳು ಎದ್ದುಹೋಗಲೆಂದು ಅಜ್ಜಿ ರೂಢಿಯಂತೆ ಒಂದು ಕ್ಷಣ ಕಾದಳು. ಅತ್ತೆ ಮೊಣಕಾಲೂರಿದಲ್ಲೇ ಇದ್ದಳು. ಹಾಜರಿ ಕರೆಯುವ ದನಿಯಲ್ಲಿ ತಾನೇ ಪ್ರಾರ್ಥನೆ ಶುರುಮಾಡಿ, ಕೊನೆಯವರೆಗೂ ಹೇಳಿದಳು.

"ಕ್ಷಮಿಸಿದಿಯಾ ಮಗಾ?" ಅಜ್ಜಿ ಮೆಲ್ಲಗೆ ಕೇಳಿದಳು.

"ಇನ್ನೂ ಇಲ್ಲ. ಅವರು ಹೋಗಿ ಅಲ್ಲಿ ಇರ್ಲಿ. ನಾನು ಬಂದ ಮೇಲೆ ಮೊದಲು ಸ್ವಲ್ಪ ಮಾತಾಡ್ಲಿಕ್ಕೆ ಉಂಟು. ಇಬ್ಬರಿಗೂ ನೆನಪಿರಬೇಕು."

"ಸಣ್ಣ ಸ್ವರದಲ್ಲಿ ಮಾತಾಡು," ಎಂದಳು ಅಜ್ಜಿ. "ಅಲ್ಲಿ ಬೇರೆಯವರೂ ಇರ್ತಾರೆ."