ಮುಚ್ಚಿಟ್ಟ ಪಟ್ಟಿ

ನಮ್ಮ ಮಾವ ಶಿವಯೋಗಿಯವರು ಭದ್ರಾವತಿಯ ಕಾರ್ಖಾನೆ ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ಜನರ ರಕ್ತ ಪರೀಕ್ಷೆ ಮಾಡಿದವರು. ನಿವೃತ್ತರಾದ ಮೇಲೂ ಒಂದು ಹಳೆಯ ಪಾಕೆಟ್ ಕಂಪ್ಯೂಟರ್ ಅವರ ಜೇಬು ಬಿಟ್ಟಿಲ್ಲ. ಅಂಗೈಯಗಲದ ಬೂದು ಪರದೆ, ಅದರ ಮೇಲೆ ಬರೆಯಲು ಒಂದು ಕಡ್ಡಿ. ಇಂಗ್ಲಿಷಿನ ಎ ಬರೆಯುವಾಗ ಅಡ್ಡಗೆರೆ ಎಳೆದರೆ ಅದಕ್ಕೆ ತಿಳಿಯುವುದಿಲ್ಲ. ಅದರ ಅಕ್ಷರ ನಾವು ಕಲಿಯಬೇಕಂತೆ, ಏನು ಗತ್ತು! ಅಪರೂಪದ ಗುಂಪಿನ ರಕ್ತ ಕೊಡುವವರ ಹೆಸರು, ನಂಬರು ಎಲ್ಲ ಅದರಲ್ಲೇ.

"ಮೊಬೈಲಿಗೆ ಹಾಕ್ಕೊಳ್ಳಿ ಮಾವ" ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.

"ನಂಬಿ ಕೊಟ್ಟಿದಾರೆ ಕಣಮ್ಮ. ಮೊಬೈಲಿಗೆ ಹೋದ್ರೆ ನಾಳೆ ಊರಿನ ಗ್ರೂಪಿಗೆಲ್ಲ ಹೋಗುತ್ತೆ."

ಕಳೆದ ತಿಂಗಳು ಒಂದು ಮಧ್ಯಾಹ್ನ ಜನ್ನಾಪುರದ ನಮ್ಮ ಮನೆಗೆ ಫೋನು ಬಂತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೆರಿಗೆಯಾದ ನವ್ಯಾ ಎಂಬ ಹುಡುಗಿಗೆ ರಕ್ತ ಹೋಗುವುದು ನಿಂತಿಲ್ಲ. ಓ ನೆಗೆಟಿವ್ ಬೇಕು, ಇದ್ದದ್ದು ಸಾಲುತ್ತಿಲ್ಲ. ನನ್ನದೂ ಅದೇ ಗುಂಪು. ಆದರೆ ಸೂಜಿ ಕಂಡರೆ ನನಗೆ ಕೈಕಾಲು ತಣ್ಣಗಾಗುತ್ತದೆ. ಬೇರೆ ಯಾರಾದರೂ ಸಿಗಲಿ ದೇವರೇ ಎಂದುಕೊಂಡು ಸುಮ್ಮನಿದ್ದೆ. ಹೇಳಲು ನಾಚಿಕೆಯಾಗುತ್ತದೆ.

ಮಾವ ಪಟ್ಟಿ ನೋಡಿ ಒಬ್ಬೊಬ್ಬರಿಗೇ ಫೋನು ಮಾಡಿದರು. ಆಲ್ಕೊಳದ ಈಶ್ವರಪ್ಪ ಅದರ ಹಿಂದಿನ ತಿಂಗಳಷ್ಟೇ ಕೊಟ್ಟಿದ್ದರು, ಇಷ್ಟು ಬೇಗ ಮತ್ತೆ ಕೊಡುವಂತಿಲ್ಲ. ದುರ್ಗಿಗುಡಿಯ ಗಣಪಯ್ಯನವರಿಗೆ ಜ್ವರ.

"ಮುಚ್ಚಿಟ್ಟ ಪಟ್ಟಿ ತೆಗೀಬೇಕು" ಎಂದರು ಮಾವ. ತೀರಾ ಅನಿವಾರ್ಯವಾದರೆ ಮಾತ್ರ ನೋಡುವ ಹೆಸರುಗಳು ಅವು. ಗುಟ್ಟಿನ ಪದ ಬರೆದರಷ್ಟೇ ಕಾಣುತ್ತವೆ. ಕಡ್ಡಿ ಎತ್ತಿದರು, ಪರದೆ ಮಂಕಾಯಿತು.

"ಸೆಲ್ ಹೋಯ್ತು! ಟಿವಿ ರಿಮೋಟಿನ ಸೆಲ್ ಬಿಚ್ಚಿ ತಾ. ಹಳೇದು ತೆಗೆದ ಮೇಲೆ ಒಂದೇ ನಿಮಿಷ, ಆಮೇಲೆ ಇದು ಎಲ್ಲಾ ಮರೆತುಬಿಡುತ್ತೆ. ನೀನು ಎಣಿಸು."

ಎಣಿಸತೊಡಗಿದೆ. ಹತ್ತು. ಇಪ್ಪತ್ತು. ಮಾವನ ಕೈಯಿಂದ ಒಂದು ಸೆಲ್ ಜಾರಿ ದಿವಾನದ ಕೆಳಗೆ ಉರುಳಿತು. ನೆಲಕ್ಕೆ ಬಿದ್ದು ಪೊರಕೆಯಿಂದ ಎಳೆದೆ. ನಲವತ್ತು. ತಿರುಗುಮುರುಗಾಗಿ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಐವತ್ತಮೂರು. ಗುಂಡಿ ಒತ್ತಿದರೆ ಏನೂ ಇಲ್ಲ. ಇನ್ನೊಮ್ಮೆ ಒತ್ತಿದರು, ಪರದೆ ಮೂಡಿತು.

ಗುಟ್ಟಿನ ಪದ ಮೊದಲ ಸಲ ತಪ್ಪಿತು. ಅವಸರದಲ್ಲಿ ಅಡ್ಡಗೆರೆ ಎಳೆದಿದ್ದರು. ಎರಡನೇ ಸಲಕ್ಕೆ ಮೂರು ಹೆಸರು ಬಂದವು. ಮಾವ ಥಟ್ಟನೆ ಮೊದಲ ಸಾಲಿನ ಮೇಲೆ ಹೆಬ್ಬೆರಳಿಟ್ಟು ಉಳಿದೆರಡಕ್ಕೆ ಫೋನು ಮಾಡಿದರು. ಚೌಡಮ್ಮನ ಫೋನು ಸ್ವಿಚ್ ಆಫ್. ಜಂಬಣ್ಣ ಮಗಳ ಮನೆಗೆಂದು ಬಳ್ಳಾರಿಗೆ ಹೋಗಿದ್ದಾರೆ.

ಮಾವ ಫೋನು ಕೆಳಗಿಟ್ಟರು. ಹೆಬ್ಬೆರಳು ಮಾತ್ರ ಅಲ್ಲೇ ಇತ್ತು.

"ಅದು ಯಾರು ಮಾವ?"

"ಅದು ಬಿಡಮ್ಮ. ಅದಾಗಲ್ಲ."

ನಾನೇ ಬೆರಳು ಸರಿಸಿ ಓದಿದೆ. ಇಂಗ್ಲಿಷ್ ಅಕ್ಷರದ ಕನ್ನಡ: ‘ಸ್ಫೂರ್ತಿ, ಸೊಸೆ. ಸೂಜಿ ಅಂದ್ರೆ ಭಯ. ಕೇಳಬೇಡ.’

ಒಂದು ಜೀವ ಹೋಗುತ್ತಿರುವಾಗಲೂ ಅವರು ಕೇಳಿರಲಿಲ್ಲ. ನನಗೆ ಅಳುವೇ ಬಂತು.

"ಸ್ಕೂಟರ್ ತೆಗೀರಿ."

"ಬೇಡ ಕಣಮ್ಮ, ನಿನಗೆ..."

"ನೀವು ಕೇಳ್ಲಿಲ್ಲ. ನಾನೇ ಬರ್ತೀನಿ ಅಂತಿದೀನಿ. ನಡೀರಿ!"

ಸೂಜಿ ಚುಚ್ಚುವಾಗ ಕಣ್ಣು ಮುಚ್ಚಿ ಮಾವನ ಕೈ ಹಿಡಿದಿದ್ದೆ. ಈ ಸಲ ಎಣಿಸಿದ್ದು ಅವರು.

ನವ್ಯಾ ಉಳಿದಳು. ಮೊನ್ನೆ ಮಾವ ಸ್ನಾನಕ್ಕೆ ಹೋದಾಗ, ಅವತ್ತು ಅವರು ಬರೆಯುವಾಗ ಕಂಡಿದ್ದ ಗುಟ್ಟಿನ ಪದ ಬರೆದು ಆ ಪಟ್ಟಿ ತೆರೆದು ನೋಡಿದೆ. ‘ಕೇಳಬೇಡ’ ಎನ್ನುವುದನ್ನು ಅವರು ಅಳಿಸಿಲ್ಲ. ಅದರ ಮುಂದೆ ‘ತಾನೇ ಬರ್ತಾಳೆ’ ಎಂದು ಸೇರಿಸಿದ್ದಾರೆ.